ಮರ್ಮರ್ ಅಂದ್ರೆ ಬರೀ ಗೊಣಗಾಟ ಅಲ್ಲ

ಪ್ರಶ್ನೆ: ಮಗಳಿಗೆ ಜ್ವರ ಅಂತ ತೋರಿಸಲು ಹೋಗಿದ್ದೆ. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಕೇಳಿ 'ಹಾರ್ಟ್ ಮರ್ಮರ್ ಇದೆ' ಎಂದರು. ನಿಘಂಟು ನೋಡಿದರೆ ಗೊಣಗು, ಪಿಸುಗುಟ್ಟು, ಜುಳುಜುಳು ಅಂತೆಲ್ಲ ಇದೆ. ಹೃದಯ ಗೊಣಗುತ್ತಾ? ಇದಕ್ಕೆ ಸರಿಯಾದ ಕನ್ನಡ ಪದ ಯಾವುದು?

ಉತ್ತರ: ಮೊದಲು ಮಗುವಿನ ವಿಷಯ, ಪದ ಆಮೇಲೆ. ಹೃದಯದ ಕವಾಟಗಳು ಮುಚ್ಚಿದಾಗ ಲಬ್-ಡಬ್ ಸದ್ದು ಬರುತ್ತದೆ. ಅದರ ಜೊತೆಗೆ ರಕ್ತ ಸುಳಿ ಸುತ್ತಿಕೊಂಡು ಹರಿದಾಗ 'ಸುಯ್' ಅಂತ ಇನ್ನೊಂದು ಸದ್ದು ಕೇಳುತ್ತದಲ್ಲ, ಅದೇ ಮರ್ಮರ್. ಇದು ಕಾಯಿಲೆಯ ಹೆಸರಲ್ಲ, ಸದ್ದಿನ ಹೆಸರು. ಎಷ್ಟೋ ಆರೋಗ್ಯವಂತ ಮಕ್ಕಳಲ್ಲೂ ಇರುತ್ತದೆ, ಜ್ವರ ಬಂದಾಗ ರಕ್ತ ಜೋರಾಗಿ ಓಡುವುದರಿಂದ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಆದರೆ ಕವಾಟದ ತೊಂದರೆಗೂ, ಹೃದಯದಲ್ಲಿ ರಂಧ್ರ ಇದ್ದರೂ ಇಂಥದೇ ಸದ್ದು ಬರಬಹುದು. ಅದಕ್ಕೇ ಜ್ವರ ಇಳಿದ ಮೇಲೆ ಇನ್ನೊಮ್ಮೆ ತೋರಿಸಿ, ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿಸಿ ಎಂದರೆ ಮಾಡಿಸಿ. ಚೀಟಿಯಲ್ಲಿ 1ರಿಂದ 6ರೊಳಗೆ ಗ್ರೇಡ್ ಬರೆದಿದ್ದರೆ ಅದು ಸದ್ದು ಎಷ್ಟು ಜೋರು ಅನ್ನುವುದನ್ನಷ್ಟೇ ಹೇಳುತ್ತದೆ.

ಇನ್ನು ಪದ. ಮರ್ಮರ್ ಇಂಗ್ಲಿಷಿಗೆ ಫ್ರೆಂಚ್ ದಾರಿಯಲ್ಲಿ ಬಂದದ್ದು, ಮೂಲ ಲ್ಯಾಟಿನ್. ಅಲ್ಲಿ ಅದು ಮೆತ್ತಗಿನ ಸದ್ದು ಮಾತ್ರ ಆಗಿರಲಿಲ್ಲ, ಗುಡುಗಿನ ಮೊರೆತಕ್ಕೂ ಇದೇ ಪದ! ಇಂಗ್ಲಿಷಿಗೆ ಬಂದ ಮೇಲೆ ದನಿ ತಗ್ಗಿತು. ಒಣ ಎಲೆಗಳ ಸದ್ದಿಗೆ ನಾವು 'ಮರ್ಮರ' ಅನ್ನುತ್ತೇವಲ್ಲ, ಸಂಸ್ಕೃತದಿಂದ ಬಂದ ಆ ಪದವೂ ಹೀಗೇ ಸದ್ದನ್ನು ಕೇಳಿಯೇ ಹುಟ್ಟಿದ್ದು.

ಒಂದೇ ಕನ್ನಡ ಪದ ಹುಡುಕಬೇಡಿ, ಸಿಗುವುದಿಲ್ಲ. ಸದ್ದು ಮಾಡುತ್ತಿರುವುದು ಯಾರು ಅಂತ ನೋಡಿ. ತೊರೆಯಾದರೆ ಜುಳುಜುಳು, ದುಂಬಿಯಾದರೆ ಝೇಂಕಾರ, ಸಭೆಯಲ್ಲಿ ಗುಜುಗುಜು, ಪ್ರೀತಿಯ ಮಾತಾದರೆ ಮೆಲುದನಿ. ಗೊಣಗು ಅನ್ನುವುದು ಅಸಮಾಧಾನ ಇದ್ದಾಗ ಮಾತ್ರ. 1611ರ ಇಂಗ್ಲಿಷ್ ಬೈಬಲಿನಲ್ಲಿ ಹಸಿದ ಇಸ್ರೇಲರು ಮೋಶೆಯ ಮೇಲೆ ಮರ್ಮರ್ ಮಾಡುತ್ತಾರೆ, ಅಲ್ಲಿ ಗೊಣಗಾಟ ಸರಿ. 'ವಿತೌಟ್ ಎ ಮರ್ಮರ್' ಅಂದರೆ ಪಿಟ್ಟೆನ್ನದೆ, ಸುಮ್ನೆ ಒಪ್ಪಿಕೊಳ್ಳುವುದು. ಹೃದಯದ್ದನ್ನು ಮಾತ್ರ ಮರ್ಮರ ಅಂತಲೇ ಬಿಡಿ.

ಪಿಸುಗುಟ್ಟು ಅನ್ನುವುದನ್ನು ಮರ್ಮರ್ ಪದಕ್ಕೆ ಹಾಕುವವರು ಜಾಸ್ತಿ, ನನಗದು ಒಪ್ಪಿಗೆಯಿಲ್ಲ. ಅದು ವಿಸ್ಪರ್. ಕುತ್ತಿಗೆಯ ಮೇಲೆ ಬೆರಳಿಟ್ಟು ಪಿಸುಗುಟ್ಟಿ ನೋಡಿ, ಏನೂ ಅದುರುವುದಿಲ್ಲ. ಮೆಲುದನಿಯಲ್ಲಿ ಮಾತಾಡಿ, ಅದುರುತ್ತದೆ. ಧ್ವನಿಶಾಸ್ತ್ರದವರಿಗೂ ಮರ್ಮರ್ ಒಂದು ಪಾರಿಭಾಷಿಕ ಪದ: ಗಂಟಲು ಅದುರುತ್ತಲೇ ಉಸಿರು ಜಾಸ್ತಿ ಹೊರಬರುವ ಸದ್ದು. ಎಲ್ಲಿದೆ ಅಂತೀರಾ? ಘ, ಧ, ಭ ಇವನ್ನು ಒತ್ತಿ ಹೇಳಿ ನೋಡಿ, ಅಲ್ಲೇ ಇದೆ.