ದಾವಣಗೆರೆಗೆ ವಿಮಾನ ನಿಲ್ದಾಣ ಯಾಕಿಲ್ಲ?

ದಾವಣಗೆರೆ ವಿದ್ಯಾನಗರದ ಹಿರಿಯ ಓದುಗರೊಬ್ಬರ ಪತ್ರದ ಸಾರ: "ಮಗ, ಸೊಸೆ ಅಮೆರಿಕದ ಡಲ್ಲಾಸ್‌ನಲ್ಲಿದ್ದಾರೆ. ದೇವನಹಳ್ಳಿಯಲ್ಲಿ ಇಳಿದು ಕಾರಿನಲ್ಲಿ ಮನೆ ಸೇರುವಷ್ಟರಲ್ಲಿ ಮೊಮ್ಮಕ್ಕಳು ಸುಸ್ತಾಗಿರುತ್ತಾರೆ. ಕೇರಳದವರು ಹೊರದೇಶದಲ್ಲಿರುವ ತಮ್ಮ ಜನಕ್ಕಾಗಿ ಕಣ್ಣೂರಲ್ಲೂ ವಿಮಾನ ನಿಲ್ದಾಣ ಕಟ್ಟಿಕೊಂಡರು. ನಮಗೆ ಯಾಕಿಲ್ಲ? ಪತ್ರಿಕೆಯವರಾದರೂ ದನಿ ಎತ್ತಬಾರದೇ?"

ಸಂಪಾದಕರ ಉತ್ತರ:

ನಮಸ್ಕಾರ ಸರ್. ದನಿ ಎತ್ತೋಣ. ಆದರೆ ಯಾವುದಕ್ಕೆ ಎತ್ತಬೇಕು ಅನ್ನೋದರಲ್ಲಿ ನನ್ನದೊಂದು ತಕರಾರಿದೆ.

ಕಣ್ಣೂರನ್ನೇ ನೋಡಿ. 2018ರ ಡಿಸೆಂಬರ್ 9ರಂದು ಶುರುವಾಯಿತು. ಮೊದಲ ವಿಮಾನವೇ ಅಬುಧಾಬಿಗೆ. ರನ್‌ವೇ 3,050 ಮೀಟರ್ ಉದ್ದ, ದೊಡ್ಡ ವಿಮಾನವೂ ಇಳಿಯಬಹುದು. ಇಷ್ಟಿದ್ದರೂ ವಿದೇಶಿ ಕಂಪನಿಗಳು ಅಲ್ಲಿಂದ ಓಡಾಡಲು ಕೇಂದ್ರ ಸರ್ಕಾರದ ಅನುಮತಿ ವರ್ಷಗಟ್ಟಲೆ ಸಿಗಲಿಲ್ಲ. ಎರಡು ದೇಶಗಳ ನಡುವಿನ ವಿಮಾನ ಒಪ್ಪಂದದಲ್ಲಿ ಆ ಊರಿನ ಹೆಸರು ಸೇರಬೇಕು, ಆಮೇಲಷ್ಟೇ ಹೊರಗಿನವರಿಗೆ ಪ್ರವೇಶ. ಹಾಗಾಗಿ ಕಣ್ಣೂರು ನಮ್ಮ ದೇಶದ ಒಂದೆರಡು ಕಂಪನಿಗಳನ್ನೇ ನೆಚ್ಚಿಕೊಳ್ಳಬೇಕಾಯಿತು. 2023ರ ಮೇ ತಿಂಗಳಲ್ಲಿ ಅವುಗಳಲ್ಲೊಂದಾದ ಗೋ ಫಸ್ಟ್ ಹಾರಾಟ ನಿಲ್ಲಿಸಿತು. ನಿಲ್ದಾಣಕ್ಕೆ ಅದು ದೊಡ್ಡ ಪೆಟ್ಟು.

ನಮ್ಮ ಮಂಗಳೂರಿನ ಕಥೆಯೂ ನಿಧಾನದ್ದೇ. ಅಲ್ಲಿ ವಿಮಾನ ಇಳಿದದ್ದು 1951ರಲ್ಲಿ. ದುಬೈಗೆ ನೇರ ವಿಮಾನ ಹೊರಟದ್ದು 2006ರಲ್ಲಿ.

ಇನ್ನೊಂದು ಮಾತು. ಕೇರಳದವರು ಹೆಚ್ಚಾಗಿ ಇರುವುದು ಕೊಲ್ಲಿ ದೇಶಗಳಲ್ಲಿ, ಅದು ಇಲ್ಲಿಂದ ನಾಲ್ಕು ಗಂಟೆ ಆಸುಪಾಸಿನ ದಾರಿ. ಸಾಧಾರಣ ವಿಮಾನ ಸಾಕು, ಪ್ರಯಾಣಿಕರು ವರ್ಷವಿಡೀ ಇರುತ್ತಾರೆ. ಕೊಚ್ಚಿಯಲ್ಲಂತೂ ಸುಮಾರು 30 ದೇಶಗಳಲ್ಲಿದ್ದ ಮಲಯಾಳಿಗಳು ತಾವೇ ದುಡ್ಡು ಹಾಕಿ ಪಾಲುದಾರರಾದರು, 1999ರಲ್ಲಿ ನಿಲ್ದಾಣ ಎದ್ದು ನಿಂತಿತು. ನಮ್ಮ ಕಡೆಯಿಂದ ಹೋದವರಲ್ಲಿ ಡಾಕ್ಟರುಗಳು, ಸಾಫ್ಟ್‌ವೇರ್‌ನವರು ಜಾಸ್ತಿ. ಅವರು ಅಮೆರಿಕ, ಇಂಗ್ಲೆಂಡ್ ಅಂತ ಚದುರಿದ್ದಾರೆ. ಡಲ್ಲಾಸ್‌ನ ವಿಮಾನ ದಾವಣಗೆರೆಗೆ ಬರುವುದಿಲ್ಲ ಸರ್. ನಿಲ್ದಾಣ ಆದರೂ ಮಗ ಎಲ್ಲೋ ಒಂದು ಕಡೆ ಇಳಿದು ಸಣ್ಣ ವಿಮಾನ ಹತ್ತಲೇಬೇಕು.

ಆ ಸಣ್ಣ ವಿಮಾನ ಈಗಲೇ ಇದೆ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ನಿಲ್ದಾಣದ ರನ್‌ವೇ 3,200 ಮೀಟರ್. ಅಂದರೆ ಕಣ್ಣೂರಿನದಕ್ಕಿಂತ ಉದ್ದ! ಬೆಂಗಳೂರಿನಿಂದ ಅಲ್ಲಿಗೆ ವಿಮಾನ ಶುರುವಾದದ್ದು ಅದೇ ಆಗಸ್ಟ್‌ನಲ್ಲಿ. ಇರುವ ನಿಲ್ದಾಣದಿಂದ 150 ಕಿ.ಮೀ. ಒಳಗೆ ಹೊಸದು ಬೇಕೆಂದರೆ ಕೇಂದ್ರ ಸರ್ಕಾರ ವಿಶೇಷವಾಗಿ ಪರಿಶೀಲಿಸಬೇಕು. ನಮಗೆ ಶಿವಮೊಗ್ಗ ಅದಕ್ಕಿಂತ ಎಷ್ಟೋ ಹತ್ತಿರ. ಭಾಷಣ ಮಾಡುವವರು ಇದನ್ನು ಹೇಳುವುದಿಲ್ಲ, ಬಿಡಿ.

ಹಾಗಾದರೆ ಏನು ಕೇಳೋಣ? ನನ್ನ ಪ್ರಕಾರ ಮೊದಲು ಲಗೇಜಿನ ವಿಚಾರ. ಅಮೆರಿಕದಿಂದ ಬರುವವರು ತಲಾ 23 ಕಿಲೋದ ಎರಡು ಸೂಟ್‌ಕೇಸ್ ಹೊತ್ತು ತರುತ್ತಾರೆ. ದೇಶದೊಳಗಿನ ವಿಮಾನಕ್ಕೆ ಬೇರೆ ಟಿಕೆಟ್ ತೆಗೆದರೆ ಸಾಮಾನ್ಯವಾಗಿ 15 ಕಿಲೋ ಮಾತ್ರ, ಮಿಕ್ಕಿದ್ದಕ್ಕೆ ದುಡ್ಡು ಕಟ್ಟಬೇಕು. ವಾಪಸ್ ಹೋಗುವಾಗಲೂ ಅಷ್ಟೇ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ ಎಲ್ಲದಕ್ಕೂ ದಂಡ! ಡಲ್ಲಾಸ್‌ನಿಂದ ಶಿವಮೊಗ್ಗದವರೆಗೆ ಒಂದೇ ಟಿಕೆಟ್ ಆದರೆ ಈ ರಗಳೆ ಇಲ್ಲ. ಸುಮ್ನೆ ಕಾರನ್ನೇ ನಂಬುವವರಿಗೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ ಮೇಲಿನ ದಾರಿ ಇದ್ದೇ ಇದೆ, ಬೆಂಗಳೂರಿನ ಟ್ರಾಫಿಕ್‌ಗೆ ಸಿಕ್ಕಿಕೊಳ್ಳಬೇಕಿಲ್ಲ. ಅದೇ ದಾರಿಯಲ್ಲಿ ದಾವಣಗೆರೆ, ಚಿತ್ರದುರ್ಗಕ್ಕೆ ನೇರ ಬಸ್ಸುಗಳು ಜಾಸ್ತಿ ಓಡಲಿ.

ಒಂದೇ ಟಿಕೆಟ್, ನೇರ ಬಸ್ಸು, ಈ ಎರಡಕ್ಕೆ ನಾವು ಖಂಡಿತ ಬರೆಯುತ್ತೇವೆ. ನಿಮ್ಮ ಮಗನೂ ಮುಂದಿನ ಸಲ ಶಿವಮೊಗ್ಗದವರೆಗೆ ಒಂದೇ ಟಿಕೆಟ್ ಕೇಳಲಿ. ಸಿಗದಿದ್ದರೆ ವಿಮಾನ ಕಂಪನಿಗೆ ಪತ್ರ ಹಾಕಿ ನಮಗೊಂದು ಪ್ರತಿ ಕಳಿಸಲಿ.