ಜನ ನಿಲ್ಲುತ್ತಿಲ್ಲವಾ? ಮೊದಲು ಹಾಜರಿ ಪುಸ್ತಕ ತೆಗೆಯಿರಿ

ಪ್ರಶ್ನೆ: ಶಿರಸಿ ಹತ್ತಿರ ಹಪ್ಪಳ, ಬಾಳೆಕಾಯಿ ಚಿಪ್ಸ್, ಕೋಕಂ ಶರಬತ್ತು ಪ್ಯಾಕ್ ಮಾಡುವ ಸಣ್ಣ ಘಟಕ ನಮ್ಮದು. 15 ಜನ ಕೆಲಸಕ್ಕಿದ್ದಾರೆ. ವರ್ಷದೊಳಗೆ ಅರ್ಧಕ್ಕರ್ಧ ಜನ ಬಿಟ್ಟು ಹೋಗುತ್ತಾರೆ. ಪರಿಚಯದವರೊಬ್ಬರು, ಕೈಬರಹ ನೋಡಿ ಸ್ವಭಾವ ಹೇಳುವ ಪರೀಕ್ಷೆ ಮಾಡಿಸಿ, ಆಮೇಲೆ ಸೇರಿಸಿಕೊಳ್ಳಿ ಅಂತಾರೆ. ಮಾಡಿಸಲಾ?

ಉತ್ತರ: ಬೇಡ. ಅದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ಅಕ್ಷರ ನೋಡಿ ಕೆಲಸ ಹೇಗೆ ಮಾಡುತ್ತಾರೆ ಅಂತ ಹೇಳಲು ಬರುವುದಿಲ್ಲ ಅನ್ನುವುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅದೂ ಅಲ್ಲದೆ, ಜನ ಯಾಕೆ ಬಿಡುತ್ತಾರೆ ಅಂತಲೇ ನಿಮಗಿನ್ನೂ ಗೊತ್ತಿಲ್ಲ, ಅಲ್ವಾ?

ಹಾಜರಿ ಪುಸ್ತಕ ತೆಗೆಯಿರಿ. ಎರಡು ವರ್ಷದಲ್ಲಿ ಬಿಟ್ಟವರ ಹೆಸರು, ಸೇರಿದ ದಿನ, ಬಿಟ್ಟ ದಿನ, ಯಾವ ಊರಿಂದ ಬರುತ್ತಿದ್ದರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬಿಟ್ಟ ದಿನಗಳೆಲ್ಲ ನವೆಂಬರ್‌ನಿಂದ ಫೆಬ್ರವರಿ ಒಳಗೇ ಬಂದರೆ ಕಾರಣ ಹೆಚ್ಚು ಕಡಿಮೆ ನಿಮ್ಮ ಕಣ್ಣೆದುರೇ ಇದೆ: ಅಡಿಕೆಯ ಕೊನೆಕೊಯ್ಲು (ಗೊನೆ ಕೊಯ್ಯುವುದು), ಅಡಿಕೆ ಸುಲಿಯುವ ಕೆಲಸ. ಸುಲಿದಷ್ಟೂ ಕೂಲಿ, ಅದೂ ಮನೆ ಹತ್ತಿರ. ಅಂಥವರು ನಿಮ್ಮ ಮೇಲಿನ ಸಿಟ್ಟಿಗೆ ಹೋದವರಲ್ಲ. ಆ ತಿಂಗಳುಗಳಲ್ಲಿ ಅರ್ಧ ದಿನದ ಪಾಳಿ ಇಟ್ಟು ನೋಡಿ. ಹೆಚ್ಚಿನವರು ಒಂದೇ ದಿಕ್ಕಿನ ಊರಿನವರಾದರೆ ಸಂಜೆ ಬಸ್ಸಿನ ವೇಳೆ ವಿಚಾರಿಸಿ. ಸೇರಿದ ತಿಂಗಳಲ್ಲೇ ಬಿಟ್ಟಿದ್ದರೆ, ಕೆಲಸ ಎಂಥದ್ದು ಅಂತ ನೀವು ಮೊದಲೇ ಸರಿಯಾಗಿ ಹೇಳಿರಲಿಕ್ಕಿಲ್ಲ.

ಹದಿನೈದು ಜನರ ಲೆಕ್ಕ ನಂಬಿ ಇದೇ ಕಾರಣ ಅಂತ ತೀರ್ಮಾನಿಸಬೇಡಿ. ಬಿಟ್ಟವರನ್ನೇ ಕೇಳಿಸಿ. ನೀವೇ ಫೋನ್ ಮಾಡಿದರೆ "ಮನೇಲಿ ತೊಂದ್ರೆ ಇತ್ತು ಸಾರ್" ಅಂತಾರೆ, ಅಷ್ಟೇ. ಅವರ ಜೊತೆ ಕೆಲಸ ಮಾಡಿದವರು ಕೇಳಿದರೆ ನಿಜ ಹೊರಗೆ ಬರುತ್ತದೆ. ಮೇಸ್ತ್ರಿ ಬೈಯುವುದೂ ಆಗಲೇ ಗೊತ್ತಾಗುವುದು.

ಇನ್ನು ಆಯ್ಕೆ. ಯಾವ ಆಯ್ಕೆ ವಿಧಾನದಿಂದ ಕೆಲಸ ಚೆನ್ನಾಗಿ ಮಾಡುವವರು ಸಿಗುತ್ತಾರೆ ಅನ್ನುವ ಹಳೆಯ ಅಧ್ಯಯನಗಳನ್ನು ಸ್ಯಾಕೆಟ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು 2022ರಲ್ಲಿ ಮತ್ತೆ ತೂಗಿ ನೋಡಿದರು. ಸೊನ್ನೆ ಅಂದರೆ ಏನೂ ತಿಳಿಯದು, 1 ಅಂದರೆ ಪಕ್ಕಾ ತಿಳಿಯುತ್ತದೆ ಅಂತಿಟ್ಟುಕೊಳ್ಳಿ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಅಂಕ ಕೊಡುವ ಸಂದರ್ಶನಕ್ಕೆ 0.42 ಬಂತು. ಸುಮ್ನೆ ಹರಟಿದಂಥ ಸಂದರ್ಶನಕ್ಕೆ 0.19. ಎಷ್ಟು ವರ್ಷದ ಅನುಭವ ಅನ್ನುವುದಕ್ಕೆ ಬರೀ 0.07! ನಾವು ಅದನ್ನೇ ಮೊದಲು ಕೇಳುತ್ತೇವೆ. ಒಂದು ಮಾತು, ಈ ಅಂಕಿಗಳು ಹೇಳುವುದು ಕೆಲಸ ಎಷ್ಟು ಚೆನ್ನಾಗಿ ಮಾಡುತ್ತಾರೆ ಅನ್ನುವುದನ್ನು, ಎಷ್ಟು ದಿನ ನಿಲ್ಲುತ್ತಾರೆ ಅನ್ನುವುದನ್ನಲ್ಲ.

ಪ್ರಶ್ನೆ ಹೀಗಿರಲಿ: "ಪೊಟ್ಟಣದ ಸೀಲ್ ಬಿಡ್ತಾ ಇದೆ, ಹೊರಗೆ ಗಾಡಿ ಕಾಯ್ತಾ ಇದೆ. ಏನು ಮಾಡ್ತೀರಿ?" ಆಮೇಲೆ ಅರ್ಧ ದಿನ ಕೂಲಿ ಕೊಟ್ಟು ತೂಕ, ಸೀಲಿಂಗ್ ಮಾಡಿಸಿ. ಇಡೀ ದಿನ ನಿಂತೇ ಮಾಡುವ ಕೆಲಸ ಅಂತ ಗೊತ್ತಾಗಿ ಕೆಲವರು ಅಲ್ಲೇ ಬೇಡ ಅಂದಾರು. ಅನ್ನಲಿ, ಒಂದು ತಿಂಗಳು ಕಲಿಸಿದ ಮೇಲೆ ಹೋಗುವುದಕ್ಕಿಂತ ವಾಸಿ.

ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಏನಾಯ್ತು ಅಂತ ತಿಳಿಯುವುದಿಲ್ಲ. ಒಂದನ್ನು ಬದಲಿಸಿ, ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಶಿರಸಿಯ ಮಾರಿಕಾಂಬಾ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ, ಹೋದ ವರ್ಷದ ಜೊತೆ ಹೋಲಿಸಲು ಬರುವುದಿಲ್ಲ. ಆ ದಿನಗಳ ಗೈರುಹಾಜರಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ.