ಮೊದಲ ಕಾರು: ಬೆಲೆಗಿಂತ ಮುಂಚೆ ಇನ್ಶೂರೆನ್ಸ್ ನೋಡಿ

ಇಂಗ್ಲೆಂಡಿನ ಡರ್ಬಿಯ ಆಸ್ಪತ್ರೆಗೆ ನರ್ಸ್ ಆಗಿ ಬಂದು ನಾಲ್ಕು ತಿಂಗಳಾಯಿತು, ರಾತ್ರಿ ಪಾಳಿ ಮುಗಿಸಿ ಭಾನುವಾರ ಬೆಳಿಗ್ಗೆ ಬಸ್ಸಿಗೆ ಕಾದು ಸಾಕಾಗಿದೆ, ಕೈಯಲ್ಲಿ 6,000 ಪೌಂಡ್ ಇದೆ, ಯಾವ ಕಾರು ತಗೊಳ್ಳಲಿ ಅಕ್ಕ ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿ ಲೈಸೆನ್ಸ್ ಆಗಿದ್ದರೂ ಓಡಿಸಿದ್ದು ಕಡಿಮೆ ಅಂತಲೂ ಬರೆದಿದ್ದೀರಿ. ನಾನು ಲೆಸ್ಟರ್‌ಗೆ ಬಂದು ಹದಿನಾಲ್ಕು ವರ್ಷವಾಯಿತು. ಗೊತ್ತಿರುವುದನ್ನು ಹೇಳುತ್ತೇನೆ.

6,000 ಇದೆ ಅಂತ 6,000ದ ಕಾರು ನೋಡಬೇಡಿ. ಕಾರಿಗೆ 4,500ರ ಒಳಗೆ ಇಟ್ಟುಕೊಳ್ಳಿ. ಇಲ್ಲಿ ಹೊಸ ಡ್ರೈವರ್‌ಗೆ ಹೊರೆಯಾಗುವುದು ಇನ್ಶೂರೆನ್ಸ್. ಊರಿನ ನೋ ಕ್ಲೇಮ್ ಬೋನಸ್ಸನ್ನು ಹೆಚ್ಚಿನ ಕಂಪನಿಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಾರುಗಳನ್ನು 1ರಿಂದ 50ರವರೆಗೆ ಗುಂಪು ಮಾಡಿದ್ದಾರೆ. ಸಂಖ್ಯೆ ಚಿಕ್ಕದಿದ್ದಷ್ಟೂ ಪ್ರೀಮಿಯಂ ಸಾಮಾನ್ಯವಾಗಿ ಕಡಿಮೆ. ಜಾಹೀರಾತಿನಲ್ಲಿ ಕಾರು ಇಷ್ಟವಾದ ಕೂಡಲೇ ಇನ್ಶೂರೆನ್ಸ್ ವೆಬ್‌ಸೈಟಿನಲ್ಲಿ ಅದರ ನಂಬರ್, ನಿಮ್ಮ ಪೋಸ್ಟ್‌ಕೋಡ್ ಹಾಕಿ ಪ್ರೀಮಿಯಂ ಎಷ್ಟಾಗುತ್ತೆ ನೋಡಿ. ಕೆಲಸಕ್ಕೆ ಹೋಗಿಬರಲು 'ಕಮ್ಯೂಟಿಂಗ್' ಸೇರಿರಲೇಬೇಕು. ಬ್ಲ್ಯಾಕ್ ಬಾಕ್ಸ್ ಪಾಲಿಸಿ (ನೀವು ಹೇಗೆ ಓಡಿಸುತ್ತೀರಿ ಅಂತ ಒಂದು ಸಾಧನ ದಾಖಲಿಸಿ ಅಂಕ ಕೊಡುವಂಥದ್ದು) ಅಗ್ಗಕ್ಕೆ ಸಿಗಬಹುದು, ಆದರೆ ಕೆಲವು ಪಾಲಿಸಿಗಳು ರಾತ್ರಿ ಓಡಿಸಿದರೆ ಅಂಕ ಕಳೆಯುತ್ತವೆ. ನಿಮ್ಮದು ರಾತ್ರಿ ಪಾಳಿ ಅಲ್ವಾ? ಷರತ್ತು ಪೂರ್ತಿ ಓದಿ.

ಜೊತೆಗಿರುವವರು ಯಾರಾದರೂ "ನನ್ನ ಹೆಸರಲ್ಲಿ ಮಾಡಿಸೋಣ, ನಿಮ್ಮನ್ನು ಎರಡನೇ ಡ್ರೈವರ್ ಅಂತ ಸೇರಿಸೋಣ" ಎಂದರೆ ದಯವಿಟ್ಟು ಒಪ್ಪಬೇಡಿ. ದಿನಾ ಓಡಿಸುವವರು ನೀವಾಗಿದ್ದರೆ ಅದು ವಂಚನೆ. ಅಪಘಾತವಾದ ದಿನ ಕಂಪನಿ ಕೈ ಬಿಟ್ಟರೆ ಏನು ಮಾಡುತ್ತೀರಿ?

ಯಾವ ಕಾರು? ಟೊಯೋಟಾ ಯಾರಿಸ್, ಹೋಂಡಾ ಜಾಝ್, ಹ್ಯುಂಡೈ ಐ10. ಪೆಟ್ರೋಲ್, ಚಿಕ್ಕ ಎಂಜಿನ್. ಡೀಸೆಲ್ ಬೇಡ, ಆಸ್ಪತ್ರೆಗೆ ಹತ್ತು ನಿಮಿಷ ಓಡಿಸಿ ನಿಲ್ಲಿಸುವುದಾದರೆ ಅದರ ಹೊಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಸಾಧ್ಯವಾದರೆ 2015ರ ಅಥವಾ ಆಮೇಲಿನದು ತಗೊಳ್ಳಿ. ಕಾರು ಜಾರಿದಾಗ ಹಿಡಿತಕ್ಕೆ ತರುವ ಇಎಸ್‌ಸಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಜನವರಿಯ ಬೆಳಿಗ್ಗೆ ರಸ್ತೆ ಮೇಲೆ ಗಾಜಿನಂಥ ಮಂಜು ಕಟ್ಟಿರುವಾಗ ಅದರ ಬೆಲೆ ಗೊತ್ತಾಗುತ್ತದೆ. ನಂಬರ್ ಪ್ಲೇಟಿನಲ್ಲಿ 15 ಅಂತಿದ್ದರೆ 2015ರ ಮಾರ್ಚ್ ನಂತರದ್ದು, 65 ಅಂತಿದ್ದರೆ ಅದೇ ವರ್ಷದ ಸೆಪ್ಟೆಂಬರ್ ನಂತರದ್ದು.

ಈಗ ಬಹಳ ಮುಖ್ಯವಾದ ಮಾತು. ಮೂರು ವರ್ಷ ದಾಟಿದ ಕಾರಿಗೆ ಇಲ್ಲಿ ಪ್ರತಿ ವರ್ಷ ಎಂಒಟಿ, ಅಂದರೆ ಕಾರು ರಸ್ತೆಯಲ್ಲಿ ಓಡಲು ಯೋಗ್ಯವೇ ಎಂಬ ತಪಾಸಣೆ ಆಗಬೇಕು. ಅದರ ಚರಿತ್ರೆ ಪೂರ್ತಿ ಸರ್ಕಾರದ ವೆಬ್‌ಸೈಟಿನಲ್ಲಿದೆ, ಪುಕ್ಕಟೆ. ನನ್ನ ಮೊದಲ ಕಾರು ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು, ನಾನು ಚರಿತ್ರೆ ನೋಡಲೇ ಇಲ್ಲ. ಎರಡು ವರ್ಷ ಮೊದಲೇ 'ಅಡಿಯಲ್ಲಿ ತುಕ್ಕು' ಅಂತ ಅದರಲ್ಲಿ ಬರೆದಿತ್ತು. ಮುಂದಿನ ತಪಾಸಣೆಯಲ್ಲಿ ಕಾರು ಫೇಲಾಯಿತು. ಗ್ಯಾರೇಜಿನವರು ಕಾರನ್ನು ಮೇಲೆತ್ತಿ, ಅಡಿಯ ತಗಡಿಗೆ ಸ್ಕ್ರೂಡ್ರೈವರ್ ಒತ್ತಿ ತೋರಿಸಿದರು. ಹಪ್ಪಳದ ಹಾಗೆ ಮುರಿದು ಕೆಳಗೆ ಉದುರಿತು. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಉಪ್ಪು ಹಾಕುತ್ತಾರೆ. ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತೆ ಅಂತ ಕಡಲ ದಂಡೆಯಿಂದ ಬಂದ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಪಟ್ಟಿಯಲ್ಲಿ ಪ್ರತಿ ವರ್ಷದ ಮೈಲಿ ಲೆಕ್ಕವೂ ಇರುತ್ತದೆ. ಒಂದು ವರ್ಷ 70,000 ಇದ್ದದ್ದು ಮುಂದಿನ ವರ್ಷ 50,000 ಆಗಿದ್ದರೆ ಆ ಕಾರಿನ ಹತ್ತಿರವೂ ಹೋಗಬೇಡಿ.

ನೋಡಲು ಹಗಲಲ್ಲೇ ಹೋಗಿ, ಮಳೆ ಇಲ್ಲದಾಗ. ಒದ್ದೆ ಬಣ್ಣದ ಮೇಲೆ ಗೀರು ಕಾಣಿಸುವುದಿಲ್ಲ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ. ತಣ್ಣಗಿದ್ದಾಗ ಬರುವ ಸದ್ದು, ಹೊಗೆ ಮುಚ್ಚಿಡಲು ಹಾಗೆ ಮಾಡುವವರಿದ್ದಾರೆ. ಡಿಕ್ಕಿಯ ಕಾರ್ಪೆಟ್ ಎತ್ತಿ ಕೈ ಒತ್ತಿ, ಒದ್ದೆ ಇದೆಯಾ ನೋಡಿ. ನಾಲ್ಕು ಟೈರೂ ನಾಲ್ಕು ಕಂಪನಿಯದಾಗಿದ್ದರೆ ಮಾಲೀಕರು ಎಲ್ಲದರಲ್ಲೂ ಹಾಗೇ ಉಳಿಸಿರಬಹುದು ಅಂತ ನನ್ನ ಲೆಕ್ಕ.

ಅಪರಿಚಿತರಿಂದ ಕೊಂಡರೆ ಅಗ್ಗ. ಆದರೆ ಮೊದಲ ಕಾರನ್ನು ಡೀಲರ್ ಹತ್ತಿರವೇ ತಗೊಳ್ಳಿ ಅನ್ನುತ್ತೇನೆ. ಕೊಳ್ಳುವಾಗಲೇ ಇದ್ದ ದೋಷ ಹೊರಬಿದ್ದರೆ 30 ದಿನದೊಳಗೆ ಕಾರು ಹಿಂದಿರುಗಿಸಿ ದುಡ್ಡು ಕೇಳುವ ಹಕ್ಕು ಕಾನೂನಿನಲ್ಲಿದೆ. ಯಾರಿಂದ ಕೊಂಡರೂ ಅದರ ಮೇಲೆ ಸಾಲ ಬಾಕಿ ಇದೆಯಾ ಅಂತ ಸ್ವಲ್ಪ ದುಡ್ಡು ಕೊಟ್ಟು ಚೆಕ್ ಮಾಡಿಸಿ. ಬಾಕಿ ಇದ್ದರೆ ಸಾಲ ಕೊಟ್ಟವರು ನಿಮ್ಮ ಮನೆ ಮುಂದಿನಿಂದಲೇ ಕಾರು ಒಯ್ಯಬಹುದು. ರಸ್ತೆ ತೆರಿಗೆ ಹಳೆಯ ಮಾಲೀಕರಿಂದ ನಿಮಗೆ ಬರುವುದಿಲ್ಲ, ಕಾರು ರಸ್ತೆಗೆ ಇಳಿಸುವ ಮೊದಲೇ ನಿಮ್ಮ ಹೆಸರಲ್ಲಿ ಕಟ್ಟಬೇಕು.

ಇನ್ನೊಂದು. ನೀವು ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ನಮ್ಮ ಭಾರತದ ಲೈಸೆನ್ಸ್ ನಡೆಯುತ್ತದೆ. ನಾಲ್ಕು ತಿಂಗಳು ಆಗಲೇ ಹೋಯಿತು. ಪ್ರಾವಿಷನಲ್‌ಗೆ (ಇಲ್ಲಿನ ಕಲಿಯುವವರ ಲೈಸೆನ್ಸ್) ಈ ವಾರವೇ ಅರ್ಜಿ ಹಾಕಿ, ಥಿಯರಿ ಓದಲು ಶುರು ಮಾಡಿ. ಪ್ರಾಕ್ಟಿಕಲ್ ಟೆಸ್ಟಿಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಕಾರು ಕೊಳ್ಳುವ ಮೊದಲು ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಐದಾರು ಗಂಟೆ ಓಡಿಸಿ, ಮುಖ್ಯವಾಗಿ ರೌಂಡಬೌಟ್‌ಗಳಲ್ಲಿ. ಅಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಹಾರನ್ ಹೊಡೆದು ನುಗ್ಗುವಂತಿಲ್ಲ.

ಇಷ್ಟವಾದ ಎರಡು ಮೂರು ಕಾರುಗಳ ನಂಬರ್ ಕಳಿಸಿ, ಎಂಒಟಿ ಚರಿತ್ರೆ ನಾನೂ ನೋಡುತ್ತೇನೆ. ನೋಡಲು ಶನಿವಾರ ಹೋಗುವುದಾದರೆ ಹೇಳಿ. ಲೆಸ್ಟರ್‌ನಿಂದ ಡರ್ಬಿ ದೂರವೇನಲ್ಲ, ಟಾರ್ಚ್ ಹಿಡಿದುಕೊಂಡು ನಾನೇ ಬರುತ್ತೇನೆ.